54ಕ್ಕೆ ತಂದ ಯಂತ್ರ, 68ಕ್ಕೆ ಕಟ್ಟಿದ ಸಾಲ: 2013ರ ರೂಪಾಯಿ ಕುಸಿತ ಮತ್ತು ಪೀಣ್ಯದ ಒಂದು ಶೆಡ್

ಯಜಮಾನರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದರು. ಹಾಗಾಗಿ ಇಲ್ಲಿ ಅವರು ಬರೀ ಯಜಮಾನರು, ಅವರ ಜೊತೆ ವ್ಯವಹಾರ ನೋಡಿಕೊಳ್ಳುವವರು ಅಳಿಯ. ಬ್ಯಾಂಕಿನ ಹೆಸರಿಲ್ಲ, ಗ್ರಾಹಕ ಕಂಪನಿಯದ್ದೂ ಇಲ್ಲ. ಗುರುತು ಸಿಗಬಾರದು ಅಂತ ಮೊತ್ತಗಳನ್ನು ಸ್ವಲ್ಪ ದುಂಡು ಮಾಡಿದ್ದೇನೆ, ಆದರೆ ಲೆಕ್ಕ ಹೋದ ದಾರಿ ಅದೇ. ನಾನು ಆಗ ವಾರಕ್ಕೊಂದು ದಿನ ಹೋಗಿ ಅವರ ಲೆಕ್ಕಪತ್ರ ನೋಡುತ್ತಿದ್ದೆ. ತಪ್ಪಿದ ನಿರ್ಧಾರಗಳಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

ಪೀಣ್ಯ ನೋಡಿದವರಿಗೆ ಇಂಥ ಶೆಡ್ ಗೊತ್ತಿರುತ್ತೆ. ಇಪ್ಪತ್ತೆರಡು ಜನ ಕೆಲಸಗಾರರು, ಲೋಹ ಕಡೆಯುವ ನಾಲ್ಕು ಹಳೆಯ ಲೇತ್, ಎರಡು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರ. ವಾಹನಗಳಿಗೆ ಬೇಕಾದ ಪಿನ್, ಬುಶ್ ಮಾಡಿಕೊಡುವ ಕೆಲಸ. ಯಜಮಾನರು ಲೇತ್ ಆಪರೇಟರ್ ಆಗಿದ್ದವರು. ಸಂಬಳದಲ್ಲಿ ಉಳಿಸಿ ಒಂದು ಹಳೆಯ ಲೇತ್ ಕೊಂಡು ಶುರು ಮಾಡಿದ್ದರು.

2012ರ ಕೊನೆಯಲ್ಲಿ ಅವರ ದೊಡ್ಡ ಗ್ರಾಹಕ ಕಂಪನಿ ಒಂದು ಹೊಸ ಭಾಗದ ಆರ್ಡರ್ ಕೊಡಲು ಮುಂದೆ ಬಂತು. ಟಾಲರೆನ್ಸ್, ಅಂದರೆ ಅಳತೆಯಲ್ಲಿ ಹೆಚ್ಚುಕಡಿಮೆ ಆಗಬಹುದಾದ ಮಿತಿ, ಬಹಳ ಬಿಗಿ. ಇದ್ದ ಯಂತ್ರಗಳಲ್ಲಿ ಆಗುವ ಮಾತಲ್ಲ. ತೈವಾನಿನಿಂದ ಎರಡು ಸಿಎನ್‌ಸಿ ಟರ್ನಿಂಗ್ ಸೆಂಟರ್ ತರಿಸುವುದು ಅಂತಾಯಿತು. ಎರಡೂ ಸೇರಿ 1,60,000 ಡಾಲರ್. ಹತ್ತು ಪರ್ಸೆಂಟ್ ಮುಂಗಡ ಕೊಟ್ಟ ಮೇಲೆ ಉಳಿದದ್ದು 1,44,000 ಡಾಲರ್. ಆಗ ಡಾಲರಿಗೆ 54 ರೂಪಾಯಿ, ಅಂದರೆ 77.76 ಲಕ್ಷ.

ಬ್ಯಾಂಕಿನವರು ಎರಡು ದಾರಿ ಹೇಳಿದರು. ಒಂದು, ರೂಪಾಯಿಯಲ್ಲಿ ಟರ್ಮ್ ಲೋನ್, ಬಡ್ಡಿ 13%. ಇನ್ನೊಂದು ಬಯರ್ಸ್ ಕ್ರೆಡಿಟ್. ನಮ್ಮ ಬ್ಯಾಂಕಿನ ಜಾಮೀನಿನ ಮೇಲೆ ವಿದೇಶದಲ್ಲಿರುವ ಒಂದು ಬ್ಯಾಂಕ್ ಯಂತ್ರ ಮಾರಿದವರಿಗೆ ಡಾಲರ್ ಕೊಟ್ಟುಬಿಡುತ್ತೆ. ನಾವು ಆರು ತಿಂಗಳಾದ ಮೇಲೆ ಅದನ್ನು ಡಾಲರಿನಲ್ಲೇ ತೀರಿಸಬೇಕು, ಇಲ್ಲವೇ ಬ್ಯಾಂಕ್ ಒಪ್ಪಿದರೆ ಇನ್ನಾರು ತಿಂಗಳಿಗೆ ರೋಲ್ ಓವರ್ ಮಾಡಿಸಬೇಕು, ಅಂದರೆ ಮುಂದಕ್ಕೆ ಹಾಕಿಸಬೇಕು. ಬಡ್ಡಿ, ಕಮಿಷನ್ ಎಲ್ಲಾ ಸೇರಿ ವರ್ಷಕ್ಕೆ 4% ಸುತ್ತಮುತ್ತ.

ಹದಿಮೂರೆಲ್ಲಿ, ನಾಲ್ಕೆಲ್ಲಿ! ಆರು ತಿಂಗಳಿಗೇ ಮೂರೂವರೆ ಲಕ್ಷ ಉಳಿಯುತ್ತೆ. ಪಕ್ಕದ ಶೆಡ್‌ನವರು ಹಾಗೇ ಮಾಡಿ ಲಾಭ ಮಾಡಿಕೊಂಡಿದ್ದರು. ನಾವೂ ಸಹಿ ಹಾಕಿದೆವು. ಸಾಲ ಶುರುವಾದದ್ದು 2013ರ ಮಾರ್ಚ್ 6ಕ್ಕೆ, ತೀರಿಸಬೇಕಾದ ದಿನ ಸೆಪ್ಟೆಂಬರ್ 2.

ಸಹಿ ಹಾಕಿದ ದಿನವೇ ಆದ ತಪ್ಪು

ಆ ದಿನ ಬ್ಯಾಂಕಿನ ಹುಡುಗ ಇನ್ನೊಂದು ಮಾತು ಹೇಳಿದ್ದ. ಫಾರ್ವರ್ಡ್ ಕವರ್ ತಗೊಳ್ತೀರಾ ಸರ್ ಅಂತ. ಆರು ತಿಂಗಳಾದ ಮೇಲೆ ಬೇಕಾಗುವ ಡಾಲರಿಗೆ ಇವತ್ತೇ ದರ ಕಟ್ಟಿಕೊಳ್ಳುವುದು. ಅದಕ್ಕೆ ಅವನು ಕೊಟ್ಟ ದರ 55.75. ಅಂದರೆ ಡಾಲರಿಗೆ ಒಂದೂಮುಕ್ಕಾಲು ರೂಪಾಯಿ ಜಾಸ್ತಿ, ಒಟ್ಟು 2.52 ಲಕ್ಷ.

ಯಜಮಾನರು ತಲೆ ಅಲ್ಲಾಡಿಸಿದರು. "ಉಳಿಯೋ ಮೂರೂವರೆ ಲಕ್ಷದಲ್ಲಿ ಎರಡೂವರೆ ಇವರಿಗೇ ಕೊಟ್ಟರೆ ನನಗೇನು ಉಳೀತು?" ಅಂದರು. ನಾನೂ ಸುಮ್ಮನಿದ್ದೆ.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆಮೇಲೆ ಆದದ್ದೆಲ್ಲ ಇಲ್ಲಿಂದ ಬಂದದ್ದು. ಡಾಲರ್ ಸಾಲಕ್ಕೆ ಬಡ್ಡಿ ಕಡಿಮೆ, ರೂಪಾಯಿ ಸಾಲಕ್ಕೆ ಬಡ್ಡಿ ಜಾಸ್ತಿ. ಆ ಅಂತರ ಯಾರೋ ನಮಗೆ ಪುಕ್ಕಟೆ ಕೊಟ್ಟದ್ದಲ್ಲ. ಫಾರ್ವರ್ಡ್ ಪ್ರೀಮಿಯಂ, ಅಂದರೆ ಕವರ್‌ಗೆ ಇವತ್ತಿನ ದರದ ಮೇಲೆ ಕೊಡುವ ಹೆಚ್ಚುವರಿ, ಹುಟ್ಟುವುದೇ ಆ ಬಡ್ಡಿ ಅಂತರದಿಂದ. ಕವರ್ ಸೇರಿಸಿ ನೋಡಿದರೆ ಡಾಲರ್ ಸಾಲ ಬೀಳುತ್ತಿದ್ದದ್ದು ಹತ್ತೂವರೆ ಪರ್ಸೆಂಟಿಗೆ. ಆಗಲೂ 13ಕ್ಕಿಂತ ಕಡಿಮೆಯೇ, ಆರು ತಿಂಗಳಿಗೆ ಒಂದು ಲಕ್ಷ ಉಳಿಯುತ್ತಿತ್ತು. ನಾವು ಆ ಒಂದು ಲಕ್ಷದ ನಿಶ್ಚಿಂತೆ ಬಿಟ್ಟು ಮೂರೂವರೆ ಲಕ್ಷದ ಆಸೆಗೆ ಹೋದೆವು. ಆಸೆಪಟ್ಟದ್ದು ತಪ್ಪು ಅನ್ನುತ್ತಿಲ್ಲ. ಆದರೆ ಆ ಆಸೆಯ ಬೆನ್ನಿಗೆ ಎಷ್ಟು ದೊಡ್ಡ ಹೊಣೆ ಇದೆ ಅಂತ ಒಂದು ಕಾಗದದ ಮೇಲೆ ಗುಣಾಕಾರ ಮಾಡಿ ನೋಡಲೇ ಇಲ್ಲ. ಡಾಲರ್ ಒಂದು ರೂಪಾಯಿ ಏರಿದರೆ ನಮಗೆ 1.44 ಲಕ್ಷ ಹೋಗುತ್ತೆ. ಇಷ್ಟು ಸಣ್ಣ ಲೆಕ್ಕ.

ಎಚ್ಚರಿಕೆ ಇರಲಿಲ್ಲ ಅಂತ ಹೇಳುವ ಹಾಗೂ ಇಲ್ಲ. 2011ರ ಜುಲೈನಲ್ಲಿ ಡಾಲರಿಗೆ 44 ರೂಪಾಯಿ ಚಿಲ್ಲರೆ ಇತ್ತು, 2012ರ ಜೂನ್‌ಗೆ 57 ಮುಟ್ಟಿ ಬಂದಿತ್ತು. 2012-13ರಲ್ಲಿ ದೇಶದ ಚಾಲ್ತಿ ಖಾತೆ ಕೊರತೆ ಜಿಡಿಪಿಯ 4.8% ಇತ್ತು. ಅಂದರೆ ಎಣ್ಣೆಗೆ, ಚಿನ್ನಕ್ಕೆ, ಯಂತ್ರಕ್ಕೆ ನಾವು ಹೊರಗೆ ಕೊಡುತ್ತಿದ್ದ ಡಾಲರ್ ಜಾಸ್ತಿ, ಒಳಗೆ ದುಡಿದು ತರುತ್ತಿದ್ದದ್ದು ಕಡಿಮೆ. ಆ ಕೊರತೆಯನ್ನು ವಿದೇಶಿ ಹೂಡಿಕೆದಾರರ ಹಣ ತುಂಬುತ್ತಿತ್ತು. ಅವರು ಬೇಕೆಂದಾಗ ಎದ್ದು ಹೋಗಬಹುದಾದ ಹಣ ಅದು.

ಎದ್ದು ಹೋದದ್ದು 2013ರ ಮೇ 22ರ ನಂತರ. ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ, ತಿಂಗಳು ತಿಂಗಳು ಬಾಂಡ್ ಕೊಂಡು ಮಾರುಕಟ್ಟೆಗೆ ಹಣ ಬಿಡುವ ಕೆಲಸವನ್ನು ಮುಂದೆ ಕಡಿಮೆ ಮಾಡಬಹುದು ಅಂತ ಸುಳಿವು ಕೊಟ್ಟರು. ಅಷ್ಟೇ. ಬ್ರೆಜಿಲ್, ಇಂಡೋನೇಷ್ಯಾ, ಟರ್ಕಿ, ದಕ್ಷಿಣ ಆಫ್ರಿಕಾ, ಭಾರತ, ಎಲ್ಲ ಕಡೆಯ ನಾಣ್ಯಗಳೂ ಜಾರತೊಡಗಿದವು. ವಾಷಿಂಗ್ಟನ್ನಿನಲ್ಲಿ ಆಡಿದ ಒಂದು ಮಾತಿಗೂ ಪೀಣ್ಯದ ಶೆಡ್ಡಿಗೂ ಏನು ಸಂಬಂಧ ಅಂತ ಅಳಿಯ ಕೇಳಿದಾಗ ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ.

ಕಾಯೋಣ, ಇಳಿಯುತ್ತೆ

ಜೂನ್ ಕೊನೆಗೆ ಡಾಲರ್ 60 ದಾಟಿತು. ಅಳಿಯ ಪ್ರತಿದಿನ ಮೊಬೈಲಿನಲ್ಲಿ ದರ ನೋಡುತ್ತಿದ್ದರು. "ಮಾವ, ಈಗಲಾದರೂ ಕವರ್ ತಗೊಳ್ಳೋಣ" ಅಂದರು. ಅಷ್ಟೊತ್ತಿಗೆ 8.64 ಲಕ್ಷ ಹೋಗಿತ್ತು. ಆದರೆ ಕಾಗದದ ಮೇಲೆ ಮಾತ್ರ. ಯಜಮಾನರು ಒಪ್ಪಲಿಲ್ಲ.

ಅವರ ವಾದವನ್ನು ಹಾಗೇ ಹೇಳುತ್ತೇನೆ, ಏಕೆಂದರೆ ಇದು ಹಲವರ ಮನಸ್ಸಿನಲ್ಲಿರುವ ವಾದ. "1991ರಲ್ಲಿ ನಾನು ನೋಡಿದೀನಪ್ಪ. ಸರ್ಕಾರವೇ ಹೇಳಿ ರೂಪಾಯಿ ಇಳಿಸ್ತು. ಈಗ ಯಾರು ಹೇಳಿದಾರೆ? ಯಾರೂ ಹೇಳದೆ ಇಳಿದಿರೋದು ತಾನಾಗೇ ಮೇಲೆ ಬರುತ್ತೆ." 1991ರ ಜುಲೈ 1 ಮತ್ತು 3ರಂದು ಎರಡು ಹೆಜ್ಜೆಯಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಿದ್ದು ನಿಜ. ಆಗ ದರವನ್ನು ಕಟ್ಟುತ್ತಿದ್ದದ್ದು ರಿಸರ್ವ್ ಬ್ಯಾಂಕ್. ಇಳಿಸಬೇಕಾದರೆ ಘೋಷಣೆ ಬೇಕಿತ್ತು. 1993ರಿಂದ ಈಚೆಗೆ ದರ ಮಾರುಕಟ್ಟೆಯ ಕೈಯಲ್ಲಿದೆ. ಡಾಲರ್ ಕೇಳುವವರು ಜಾಸ್ತಿಯಾಗಿ ಕೊಡುವವರು ಕಡಿಮೆಯಾದರೆ ಯಾರ ಅಪ್ಪಣೆಯೂ ಬೇಡ, ಗಂಟೆ ಗಂಟೆಗೂ ಇಳಿಯುತ್ತೆ. ಹೀಗೆ ಇಳಿದದ್ದು ಹಳೆಯ ಜಾಗಕ್ಕೆ ಮರಳಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಇದನ್ನು ನಾನು ಅವತ್ತು ಅವರಿಗೆ ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ.

ಇನ್ನೊಂದು ಧೈರ್ಯ ನಮ್ಮನ್ನು ಹಾಳು ಮಾಡಿತು. ನಮ್ಮ ಗ್ರಾಹಕ ಕಂಪನಿ ಯುರೋಪಿಗೆ ರಫ್ತು ಮಾಡುತ್ತಿತ್ತು. ರೂಪಾಯಿ ಇಳಿದರೆ ರಫ್ತುದಾರರಿಗೆ ಒಳ್ಳೆಯದು, ನಾವೂ ಅದೇ ಸಾಲಿನಲ್ಲಿ ಇದ್ದೇವೆ, ನಮಗೂ ಬಂದೀತು ಅಂದುಕೊಂಡೆವು. ಪರ್ಚೇಸ್ ಆರ್ಡರ್ ತೆಗೆದು ನೋಡಿದರೆ ದರ ಇದ್ದದ್ದು ರೂಪಾಯಿಯಲ್ಲಿ. ಉಕ್ಕಿನ ಬೆಲೆ ಏರಿದರೆ ದರ ಪರಿಷ್ಕರಣೆ ಅಂತ ಒಂದು ಷರತ್ತಿತ್ತು. ಡಾಲರಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಅವರ ಆದಾಯ ಯೂರೋದಲ್ಲಿ, ನಮ್ಮ ಆದಾಯ ರೂಪಾಯಿಯಲ್ಲಿ, ನಮ್ಮ ಸಾಲ ಡಾಲರಿನಲ್ಲಿ. ಸಾಲದ್ದಕ್ಕೆ ಆ ವರ್ಷ ದೇಶದಲ್ಲಿ ವಾಹನಗಳ ಮಾರಾಟವೇ ಮಂಕಾಗಿತ್ತು, ಬೇರೆ ಭಾಗಗಳ ಆರ್ಡರ್ ಕಡಿಮೆಯಾಗಿತ್ತು.

ಜುಲೈ 15ಕ್ಕೆ ರಿಸರ್ವ್ ಬ್ಯಾಂಕ್ ಮಾರುಕಟ್ಟೆಯ ಹಣ ಬಿಗಿ ಮಾಡಿತು. ಬ್ಯಾಂಕುಗಳು ತುರ್ತಿಗೆ ಸಾಲ ಪಡೆಯುವ ಎಂಎಸ್‌ಎಫ್ ದರವನ್ನು 10.25%ಕ್ಕೆ ಏರಿಸಿತು. ರೂಪಾಯಿಯನ್ನು ಹಿಡಿದಿಡಲು ಮಾಡಿದ ಕೆಲಸ ಅದು. ಆದರೆ ರೂಪಾಯಿ ಬಡ್ಡಿ ಏರಿದರೆ ಫಾರ್ವರ್ಡ್ ಪ್ರೀಮಿಯಂ ಕೂಡ ಏರುತ್ತೆ. ಮಾರ್ಚ್‌ನಲ್ಲಿ ದುಬಾರಿ ಅಂತ ಬಿಟ್ಟ ಕವರ್ ಈಗ ಇನ್ನೂ ದುಬಾರಿ. ಮಳೆ ಶುರುವಾದ ಮೇಲೆ ಕೊಡೆ ಕೊಳ್ಳಲು ಹೋದ ಹಾಗಾಯಿತು ನಮ್ಮ ಸ್ಥಿತಿ.

ಬ್ಯಾಂಕಿನಿಂದ ಬಂದ ಕಾಗದ

ನಮಗೆ ಇದ್ದ ಕೊನೆಯ ಆಸರೆ ರೋಲ್ ಓವರ್. ಸೆಪ್ಟೆಂಬರ್‌ಗೆ ಇಳಿಯದಿದ್ದರೆ ಇನ್ನಾರು ತಿಂಗಳು ತಳ್ಳೋಣ ಅನ್ನುವ ಲೆಕ್ಕ. ಆಗಸ್ಟ್ 20ರ ಹೊತ್ತಿಗೆ ಡಾಲರ್ 64 ಮುಟ್ಟಿತು. ಆ ವಾರವೇ ಬ್ಯಾಂಕಿನಿಂದ ಕಾಗದ ಬಂತು.

ಅದರಲ್ಲಿದ್ದ ವಿಷಯವನ್ನು ನಾವ್ಯಾರೂ ಊಹಿಸಿರಲಿಲ್ಲ. ಬ್ಯಾಂಕ್ ನಮಗೆ ಮಂಜೂರು ಮಾಡಿದ್ದ ಮಿತಿ 80 ಲಕ್ಷ ರೂಪಾಯಿ. ಮಾರ್ಚ್‌ನಲ್ಲಿ ನಮ್ಮ ಸಾಲ 77.76 ಲಕ್ಷ, ಮಿತಿಯ ಒಳಗೆ. ಈಗ ಅದೇ 1,44,000 ಡಾಲರ್ 92 ಲಕ್ಷ ದಾಟಿದೆ. ನಾವು ಒಂದು ಡಾಲರ್ ಕೂಡ ಹೊಸದಾಗಿ ಸಾಲ ಮಾಡಿಲ್ಲ, ಆದರೂ ಮಿತಿ ಮೀರಿದ ಗಿರಾಕಿಗಳಾಗಿದ್ದೇವೆ. ಹೆಚ್ಚಾದ ಹನ್ನೆರಡು ಲಕ್ಷ ಚಿಲ್ಲರೆಯನ್ನು ಮಾರ್ಜಿನ್ ಆಗಿ, ಅಂದರೆ ಭದ್ರತೆಯ ಹಣವಾಗಿ, ತಂದಿಟ್ಟರೆ ಮಾತ್ರ ರೋಲ್ ಓವರ್, ಇಲ್ಲದಿದ್ದರೆ ಸೆಪ್ಟೆಂಬರ್ 2ಕ್ಕೆ ಪೂರ್ತಿ ತೀರಿಸಿ.

ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದು. ದರ ಏರಿದ್ದರಿಂದ ಆದ ನಷ್ಟ ಒಂದು ಕಡೆ. ಮಿತಿ ರೂಪಾಯಿಯಲ್ಲಿದ್ದು ಸಾಲ ಡಾಲರಿನಲ್ಲಿದ್ದರೆ, ರೂಪಾಯಿ ಬಿದ್ದಂತೆ ಕಾಯುವ ಹಕ್ಕೇ ಕೈ ತಪ್ಪುತ್ತೆ. ಕಾಯೋಣ ಅನ್ನುತ್ತಿದ್ದವರು ನಾವು, ಆದರೆ ಎಲ್ಲಿಯವರೆಗೆ ಕಾಯಬಹುದು ಅನ್ನುವುದನ್ನು ಮಂಜೂರಾತಿ ಪತ್ರದ ಒಂದು ಸಾಲು ಮೊದಲೇ ತೀರ್ಮಾನ ಮಾಡಿತ್ತು. 80 ಲಕ್ಷವನ್ನು 1,44,000ದಿಂದ ಭಾಗಿಸಿದರೆ 55.55. ಮಾರ್ಚ್‌ನಲ್ಲೇ ಈ ಭಾಗಾಕಾರ ಮಾಡಿದ್ದರೆ ಗೊತ್ತಾಗುತ್ತಿತ್ತು, ಡಾಲರ್ ಒಂದೂವರೆ ರೂಪಾಯಿಗಿಂತ ಸ್ವಲ್ಪ ಜಾಸ್ತಿ ಏರಿದರೂ ನಾವು ಮಿತಿ ದಾಟುತ್ತೇವೆ ಅಂತ.

ಆಗಸ್ಟ್ 28

ಆ ವಾರ ಎಲ್ಲ ಕಡೆ ಭಯ. ಸಿರಿಯಾದ ಮೇಲೆ ದಾಳಿ ಆಗುತ್ತೆ, ಎಣ್ಣೆ ಬೆಲೆ ಏರುತ್ತೆ ಅನ್ನುವ ಸುದ್ದಿ. ಭಾರತೀಯರು ವರ್ಷಕ್ಕೆ ಹೊರದೇಶಕ್ಕೆ ಕಳಿಸಬಹುದಾದ ಹಣದ ಮಿತಿಯನ್ನು ಆಗಸ್ಟ್ 14ರಂದು 2 ಲಕ್ಷ ಡಾಲರಿನಿಂದ 75 ಸಾವಿರಕ್ಕೆ ಇಳಿಸಿದ್ದರು. ಇದರಿಂದ ಧೈರ್ಯ ಬರುವ ಬದಲು ಗಾಬರಿ ಜಾಸ್ತಿಯಾಗಿತ್ತು. 28ರ ಬುಧವಾರ ಒಂದೇ ದಿನ ಡಾಲರ್ 66ರಿಂದ ಏರಿ 68.80 ದಾಟಿತು. 70 ಆಗುತ್ತೆ, 75 ಆಗುತ್ತೆ ಅಂತ ಟಿವಿಯಲ್ಲಿ ಮಾತು.

ಜೂನ್‌ನಲ್ಲಿ ಕಾಯೋಣ ಅಂದಿದ್ದ ಯಜಮಾನರೇ ಮಧ್ಯಾಹ್ನ ಫೋನ್ ಮಾಡಿ, "ಇವತ್ತೇ ಪೂರ್ತಿ ಕೊಂಡುಬಿಡೋಣ, ಶೆಡ್ ಅಡ ಇಟ್ಟರೂ ಸರಿ" ಅಂದರು. ಅವರ ದನಿ ನಡುಗುತ್ತಿತ್ತು. ನಾನು ಹೊರಟು ಶೆಡ್ಡಿಗೆ ಹೋದೆ. ಮೂವರೂ ಕೂತೆವು.

ಇಲ್ಲಿ ಒಂದು ಒಳ್ಳೆಯ ಕೆಲಸ ಆಯಿತು, ಮಾಡಿದ್ದು ಅಳಿಯ. ರೂಪಾಯಿ ಎಲ್ಲಿಗೆ ಹೋಗುತ್ತೆ ಅನ್ನುವ ಚರ್ಚೆಯನ್ನು ಅವರು ನಿಲ್ಲಿಸಿದರು. "ಅದು ನಮಗೆ ಗೊತ್ತಾಗಲ್ಲ ಮಾವ. ಎಷ್ಟು ತೀರಿಸಿದರೆ ಬ್ಯಾಂಕ್ ನಮ್ಮನ್ನು ಮತ್ತೆ ಕರೆಯಲ್ಲ, ಅದು ಗೊತ್ತಾಗುತ್ತೆ" ಅಂದರು. ಕಾಗದ ತೆಗೆದು ಲೆಕ್ಕ ಹಾಕಿದೆವು. 48,000 ಡಾಲರ್ ತೀರಿಸಿದರೆ ಉಳಿಯುವುದು 96,000. ಅದು 80 ಲಕ್ಷದ ಮಿತಿ ಮುಟ್ಟಬೇಕಾದರೆ ಡಾಲರ್ 83 ದಾಟಬೇಕು. ಅಷ್ಟು ಅಂತರ ಸಾಕು. ಮೂರನೇ ಒಂದು ಭಾಗ ತೀರಿಸೋಣ, ಎರಡು ಭಾಗ ರೋಲ್ ಓವರ್. ಆರು ತಿಂಗಳಲ್ಲಿ ಇದೇ ಮೊದಲ ಸಲ ನಾವು ಆಸೆಯಿಂದಲೋ ಭಯದಿಂದಲೋ ಅಲ್ಲದೆ ಒಂದು ಅಂಕಿ ಇಟ್ಟುಕೊಂಡು ನಿರ್ಧಾರ ಮಾಡಿದ್ದು.

ಆ ದಿನ ನಮಗೆ ಸಿಕ್ಕ ದರ 68.40. ಒಟ್ಟು 32.83 ಲಕ್ಷ ಬೇಕು. ಎಫ್‌ಡಿ ಮುರಿದು ಹದಿನೈದು ಲಕ್ಷ ಬಂತು. ಗ್ರಾಹಕ ಕಂಪನಿಯ ಹತ್ತಿರ ಹಿಂದಿನ ವಾರವೇ ಹೋಗಿದ್ದೆವು. ದರ ಏರಿಸಲು ಅವರು ಒಪ್ಪಿರಲಿಲ್ಲ, ಆದರೆ ಎಪ್ಪತ್ತೈದು ದಿನಕ್ಕೆ ಕೊಡುತ್ತಿದ್ದ ಹಣವನ್ನು ಆರು ತಿಂಗಳ ಮಟ್ಟಿಗೆ ಮೂವತ್ತು ದಿನಕ್ಕೆ ಕೊಡಲು ಒಪ್ಪಿದ್ದರು. ಇದು ದೊಡ್ಡ ಉಪಕಾರ. ದರ ಕೇಳುವ ಬದಲು ಸಮಯ ಕೇಳಿದರೆ ದೊಡ್ಡ ಕಂಪನಿಗಳು ಬೇಗ ಒಪ್ಪುತ್ತವೆ ಅಂತ ನಾನು ಕಲಿತದ್ದು ಅಲ್ಲಿ. ಅದರಿಂದ ಒಂಬತ್ತು ಲಕ್ಷ ಮುಂಚೆ ಕೈಗೆ ಬಂತು. ಉಳಿದ ಒಂಬತ್ತಕ್ಕೆ ಯಜಮಾನರ ಮನೆಯವರು ಒಡವೆ ಕೊಟ್ಟರು. ರೂಪಾಯಿ ಬಿದ್ದದ್ದರಿಂದ ಚಿನ್ನ 10 ಗ್ರಾಮಿಗೆ 33 ಸಾವಿರ ದಾಟಿತ್ತು, ಅದೇ ಒಡವೆಗೆ ಸಾಲ ಸ್ವಲ್ಪ ಜಾಸ್ತಿ ಸಿಕ್ಕಿತು. ಯಜಮಾನರ ಹೆಂಡತಿ ಒಂದು ಮಾತೂ ಆಡದೆ ಡಬ್ಬಿ ತಂದು ಮೇಜಿನ ಮೇಲಿಟ್ಟು ಒಳಗೆ ಹೋದರು.

ಆ ಸಂಜೆ ರಿಸರ್ವ್ ಬ್ಯಾಂಕ್ ಸರ್ಕಾರಿ ಎಣ್ಣೆ ಕಂಪನಿಗಳಿಗೆ ಮಾರುಕಟ್ಟೆಯ ಹೊರಗೆ ನೇರವಾಗಿ ಡಾಲರ್ ಕೊಡುವುದಾಗಿ ಹೇಳಿತು. ದೇಶದಲ್ಲಿ ಅತಿ ಹೆಚ್ಚು ಡಾಲರ್ ಕೊಳ್ಳುವವರೇ ಅವರು. ಮರುದಿನ ಡಾಲರ್ 67ರ ಕೆಳಗೆ ಬಂತು. ಒಂದು ದಿನ ತಡೆದಿದ್ದರೆ ಸುಮಾರು ತೊಂಬತ್ತು ಸಾವಿರ ಉಳಿಯುತ್ತಿತ್ತು. ಯಜಮಾನರು ಅದನ್ನು ಬಹಳ ದಿನ ಹೇಳಿಕೊಂಡು ನೊಂದರು. ನನ್ನ ಮಟ್ಟಿಗೆ ಆ ದಿನದ ನಿರ್ಧಾರ ತಪ್ಪಲ್ಲ. ರೋಲ್ ಓವರ್ ಕಾಗದಪತ್ರಕ್ಕೆ ದಿನ ಬೇಕಿತ್ತು, ಮರುದಿನ 70 ಆಗಿದ್ದರೂ ಆಗುತ್ತಿತ್ತು. ತಪ್ಪು ಆಗಿದ್ದು ಮಾರ್ಚ್ 6ಕ್ಕೆ, ಮತ್ತೆ ಜೂನ್‌ನಲ್ಲಿ.

ಆಮೇಲೆ

ಸೆಪ್ಟೆಂಬರ್ 4ಕ್ಕೆ ರಘುರಾಮ್ ರಾಜನ್ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಬಂದರು. ಅನಿವಾಸಿ ಭಾರತೀಯರಿಂದ ಡಾಲರ್ ಠೇವಣಿ ತರುವ ಬ್ಯಾಂಕುಗಳಿಗೆ, ದರದ ಅಪಾಯವನ್ನು ವರ್ಷಕ್ಕೆ 3.5% ನಿಗದಿ ವೆಚ್ಚದಲ್ಲಿ ರಿಸರ್ವ್ ಬ್ಯಾಂಕೇ ಹೊತ್ತುಕೊಳ್ಳುವ ಸ್ವಾಪ್ ಯೋಜನೆ ತಂದರು. ಬ್ಯಾಂಕುಗಳು ಹೊರಗೆ ಮಾಡಿದ ಸಾಲವೂ ಸೇರಿ ಸುಮಾರು 34 ಶತಕೋಟಿ ಡಾಲರ್ ಬಂತು. ಒಂದು ರೀತಿಯಲ್ಲಿ ದೇಶವೂ ಕವರ್ ಅನ್ನೇ ಬಳಸಿ ಪಾರಾಯಿತು ಅನ್ನಬಹುದು.

ಅಕ್ಟೋಬರ್‌ನಲ್ಲಿ ಡಾಲರ್ 61ರ ಆಸುಪಾಸು. ಮತ್ತೆ ಅದೇ ಪ್ರಶ್ನೆ: ಇನ್ನೂ ಇಳಿಯುತ್ತಾ? ಈ ಸಲ ನಾವು ಕಾಯಲಿಲ್ಲ. ಉಳಿದ 96,000 ಡಾಲರಿಗೆ ಫೆಬ್ರವರಿ ಕೊನೆಗೆ 63.20ರಂತೆ ಫಾರ್ವರ್ಡ್ ಕವರ್ ತಗೊಂಡೆವು. 2014ರ ಫೆಬ್ರವರಿ 28ಕ್ಕೆ ಸಾಲ ತೀರಿಸಿದ ದಿನ ಪೇಟೆಯಲ್ಲಿ ಡಾಲರ್ 62ರ ಹತ್ತಿರ ಇತ್ತು. ಕವರ್ ಇಲ್ಲದಿದ್ದರೆ ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಉಳಿಯುತ್ತಿತ್ತು. ಯಜಮಾನರು ಅದರ ಬಗ್ಗೆ ಏನೂ ಅನ್ನಲಿಲ್ಲ. "ನಾಲ್ಕು ತಿಂಗಳು ನಿದ್ದೆ ಬಂತಲ್ಲ" ಅಂದರು.

ಒಟ್ಟು ಲೆಕ್ಕ ಹೀಗೆ. ಮೊದಲ ಕಂತಿನಲ್ಲಿ 54ಕ್ಕಿಂತ ಹೆಚ್ಚಾಗಿ ಕೊಟ್ಟದ್ದು 6.91 ಲಕ್ಷ, ಎರಡನೆಯದರಲ್ಲಿ 8.83 ಲಕ್ಷ. ಸೇರಿ ಹದಿನೈದು ಮುಕ್ಕಾಲು ಲಕ್ಷ. ಬಡ್ಡಿಯಲ್ಲಿ ಉಳಿದದ್ದು ಆರು ಲಕ್ಷದ ಒಳಗೆ. ದುಬಾರಿ ಅಂತ ಬಿಟ್ಟ ಆ 13% ಸಾಲವನ್ನೇ ತಗೊಂಡಿದ್ದರೆ ಹತ್ತು ಲಕ್ಷ ಉಳಿಯುತ್ತಿತ್ತು. ಎಂಬತ್ತು ಲಕ್ಷದ ಸಾಲಕ್ಕೆ ಇದು ಸಣ್ಣ ಮೊತ್ತ ಅಲ್ಲ. ಆದರೆ ಶೆಡ್ ಉಳಿಯಿತು, ಒಬ್ಬ ಕೆಲಸಗಾರರನ್ನೂ ಬಿಡಿಸಲಿಲ್ಲ.

ಇದನ್ನು ಓದುವ ಸಣ್ಣ ಉದ್ಯಮಿಗಳಿಗೆ ನಾನು ಹೇಳುವುದು ದೊಡ್ಡ ವಿದ್ಯೆಯಲ್ಲ. ರೂಪಾಯಿ ಎಲ್ಲಿಗೆ ಹೋಗುತ್ತೆ ಅಂತ ಯಾರನ್ನೂ ಕೇಳಬೇಡಿ, ನಿಮ್ಮ ಆದಾಯ ಯಾವ ನಾಣ್ಯದಲ್ಲಿ ಬರುತ್ತೆ ಅಂತ ಪರ್ಚೇಸ್ ಆರ್ಡರ್ ತೆಗೆದು ನೋಡಿ, ಗ್ರಾಹಕ ರಫ್ತುದಾರ ಅನ್ನುವ ಧೈರ್ಯದ ಮೇಲೆ ಕೂರಬೇಡಿ. ಬ್ಯಾಂಕ್ ಮಿತಿಯನ್ನು ಸಾಲದ ಡಾಲರಿನಿಂದ ಭಾಗಿಸಿ, ಬರುವ ಅಂಕಿಯನ್ನು ಗೋಡೆಯ ಮೇಲೆ ಬರೆದಿಡಿ. ಪೂರ್ತಿ ಕವರ್ ಕಷ್ಟ ಅನಿಸಿದರೆ ಅರ್ಧಕ್ಕಾದರೂ ತಗೊಳ್ಳಿ, ಅದೂ ಸಾಲ ಶುರುವಾದ ದಿನವೇ. ಬಯರ್ಸ್ ಕ್ರೆಡಿಟ್‌ಗೆ ಆಧಾರವಾಗಿದ್ದ ಜಾಮೀನು ಪತ್ರಗಳನ್ನು ರಿಸರ್ವ್ ಬ್ಯಾಂಕ್ 2018ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಹಾಗಾಗಿ ಇದೇ ಸಾಲ ಇದೇ ರೂಪದಲ್ಲಿ ಈಗ ಸಿಗಲ್ಲ. ಡಾಲರ್ ಸಾಲ ಅಗ್ಗ ಅನ್ನುವ ಮಾತು ಮಾತ್ರ ಬೇರೆ ಬೇರೆ ಹೆಸರಿನಲ್ಲಿ ಬರುತ್ತಲೇ ಇರುತ್ತೆ.

ಅಳಿಯ ಈಗಲೂ ಸೋಮವಾರ ಬೆಳಗ್ಗೆ ಒಂದು ಪುಸ್ತಕದಲ್ಲಿ ಮೂರು ಅಂಕಿ ಬರೆಯುತ್ತಾರೆ: ಕೊಡಬೇಕಾದ ಡಾಲರ್, ಕವರ್ ಆಗಿರುವ ಡಾಲರ್, ಮಿತಿ ಮುಟ್ಟುವ ದರ. ಗ್ರಾಹಕ ಕಂಪನಿಯ ಪರ್ಚೇಸ್ ಆರ್ಡರ್‌ನಲ್ಲಿ ಡಾಲರ್ ದರದ ಷರತ್ತು ಸೇರಿಸಿ ಅಂತ ಪ್ರತಿ ವರ್ಷ ಕೇಳುತ್ತಾರೆ. ಅದು ಇನ್ನೂ ಆಗಿಲ್ಲ.